ಗಾಳಿ ಬರಲಿ, ಸೊಳ್ಳೆ ಬಾರದಿರಲಿ: ಬಯಲುಸೀಮೆಯ ಜಾಲರಿ ಬಾಗಿಲು

ಬಯಲುಸೀಮೆಯ ಬೇಸಗೆಯಲ್ಲಿ ಪ್ರತಿ ಸಂಜೆಯೂ ಮನೆಯೊಡತಿಯ ಮುಂದೆ ಒಂದು ಧರ್ಮಸಂಕಟ ಬಂದು ನಿಲ್ಲುತ್ತದೆ. ಬಾಗಿಲು ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಹಗಲೆಲ್ಲ ಕಾದ ಗೋಡೆಗಳೂ ತಾರಸಿಯೂ ಹೊತ್ತು ಮುಳುಗಿದ ಮೇಲೆ ತಾವು ಕುಡಿದ ಬಿಸಿಯನ್ನು ನಿಧಾನವಾಗಿ ಮನೆಯೊಳಕ್ಕೆ ಉಗುಳತೊಡಗುತ್ತವೆ. ಹೊರಗೆ ತಂಪು ಗಾಳಿ ಸುಳಿದಾಡುತ್ತಿದ್ದರೂ ಒಳಗಿನವರಿಗೆ ಅದರ ಭಾಗ್ಯವಿಲ್ಲ. ತಿರುಗುವ ಪಂಖವು ಬಿಸಿಗಾಳಿಯನ್ನೇ ಮತ್ತೆ ಮತ್ತೆ ಕಲಕುತ್ತದೆಯೇ ಹೊರತು ಹೊಸ ಗಾಳಿಯನ್ನು ತಂದುಕೊಡಲಾರದು.

ಈ ಸಂಕಟಕ್ಕೆ ಮನುಷ್ಯನು ಕಂಡುಕೊಂಡ ಅತ್ಯಂತ ಸರಳವಾದ ಪರಿಹಾರವೆಂದರೆ ಜಾಲರಿ ಬಾಗಿಲು. ಒಂದು ಚೌಕಟ್ಟು, ಅದರ ಮೇಲೊಂದು ಸಣ್ಣ ಕಣ್ಣಿನ ಬಲೆ, ಎರಡೋ ಮೂರೋ ಕೀಲು, ಒಂದು ಚಿಲಕ. ಇಷ್ಟೇ ಅದರ ಸಂಪತ್ತು. ವಿದ್ಯುತ್ತು ಬೇಡ, ಔಷಧಿ ಬೇಡ, ಹೊಗೆ ಬೇಡ. ಆದರೆ ಮನೆಯ ಸಾಮಾನುಗಳಲ್ಲೆಲ್ಲ ಇದರಷ್ಟು ಅನಾದರಕ್ಕೆ ಗುರಿಯಾದುದು ಬೇರೊಂದಿಲ್ಲ. ಹೊಸದಾಗಿ ಹಾಕಿಸಿದಾಗ ಒಂದು ವರ್ಷ ಅದರ ವೈಭವ; ಆಮೇಲೆ ಒಂದು ಮೂಲೆ ಕಿತ್ತು ಬರುತ್ತದೆ, ಮಗುವಿನ ಕೈ ತಾಕಿ ನಡುವೆ ಹೊಟ್ಟೆ ಬಿಡುತ್ತದೆ, ಕೆಳಗೆ ಬೆಕ್ಕು ತನಗೊಂದು ದಾರಿ ಮಾಡಿಕೊಳ್ಳುತ್ತದೆ. ಹರಿದ ಸೀರೆಗೆ ಹೊಲಿಗೆ ಹಾಕುವ, ಸೋರುವ ಬಿಂದಿಗೆಗೆ ಬೆಸುಗೆ ಹಾಕಿಸುವ ಸಂಸಾರವಂತರೂ ಹರಿದ ಜಾಲರಿಯನ್ನು ಮಾತ್ರ ಹಾಗೆಯೇ ಬಿಟ್ಟುಬಿಡುವುದುಂಟು. ಹೀಗೆ ಬಿಟ್ಟ ಜಾಲರಿಯಿಂದ ಆಗುವ ಹಾನಿ ಎಂಥದು, ಅದರ ಜೀರ್ಣೋದ್ಧಾರವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ನಾಲ್ಕು ತಾಲ್ಲೂಕುಗಳ ಬಿಸಿಲು

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಏಕಶಿಲೆಯ ಬೆಟ್ಟದ ಮೇಲಿನ ಕೋಟೆಯಿಂದ ಮಧುಗಿರಿಯೂ, ಮೊಗಲರ ಕಾಲದಲ್ಲಿ ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದುದರಿಂದ ಶಿರಾವೂ, ಸಿದ್ಧರ ಬೆಟ್ಟದಿಂದ ಕೊರಟಗೆರೆಯೂ, ಶನಿಮಹಾತ್ಮನ ದೇವಾಲಯದಿಂದ ಪಾವಗಡವೂ ನಾಡಿಗೆಲ್ಲ ಪರಿಚಿತವಾಗಿವೆ.

ಈ ಸೀಮೆಯನ್ನು ಮರುಭೂಮಿಯೆಂದು ಕರೆಯುವಂತಿಲ್ಲ. ಇಲ್ಲಿ ರಾಗಿ ಬೆಳೆಯುತ್ತದೆ, ಕಡಲೆಕಾಯಿ ಬೆಳೆಯುತ್ತದೆ. ಜಯಮಂಗಲಿಯ ಪಾತ್ರದುದ್ದಕ್ಕೂ ತೋಟಗಳಿವೆ. ಆದರೆ ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿಯೇ ತಮ್ಮ ಭಾರವನ್ನು ಬಹುಮಟ್ಟಿಗೆ ಇಳಿಸಿ ಹಗುರಾಗಿ ಇತ್ತ ಬರುತ್ತವೆ. ಪಾವಗಡ, ಶಿರಾ ಕಡೆಗಳಲ್ಲಿ ವರ್ಷದ ಒಳ್ಳೆಯ ಮಳೆಯೆಲ್ಲ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳತಕ್ಕದ್ದು. ಉಳಿದ ಕಾಲದಲ್ಲಿ ಆಕಾಶ ನಿರ್ಮಲ, ಬಿಸಿಲು ನಿರ್ದಾಕ್ಷಿಣ್ಯ. ಆ ಬಿಸಿಲಿನ ಬಲವೆಷ್ಟೆಂಬುದಕ್ಕೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಸ್ಥಾವರವೇ ಸಾಕ್ಷಿ. 2018ರಲ್ಲಿ ಉದ್ಘಾಟನೆಗೊಂಡ ಆ ‘ಶಕ್ತಿಸ್ಥಳ’ದ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ದೀಪ ಬೆಳಗಿಸುವ ಅದೇ ಬಿಸಿಲು ಊರೊಳಗೆ ಮನೆ ಮನೆಯ ಜಾಲರಿಯನ್ನು ದಿನದಿನವೂ ಸುಡುತ್ತಿರುತ್ತದೆ.

ಬಿಸಿಲು ಮುಗಿಯಿತೆನ್ನುವಷ್ಟರಲ್ಲಿ ಆಷಾಢದ ಗಾಳಿ. ಮಳೆಯನ್ನು ತಾರದೆ ಧೂಳನ್ನು ಮಾತ್ರ ಹೊತ್ತು ತರುವ ಈ ಗಾಳಿಯು ಚಿಲಕ ಹಾಕದ ಬಾಗಿಲನ್ನು ಹಗಲಿರುಳೂ ಬಡಿಯುತ್ತದೆ. ಬಿಸಿಲಿನಿಂದ ಬಲಗುಂದಿದ ಜಾಲರಿಗೆ ಗಾಳಿಯ ಏಟು; ಇನ್ನು ಅದು ಉಳಿಯುವ ಬಗೆಯೆಂತು?

ನೀರಿಗೆ ಬರ, ಸೊಳ್ಳೆಗೆ ಸುಗ್ಗಿ

ಬರದ ಸೀಮೆಯಲ್ಲಿ ಸೊಳ್ಳೆಯ ಭಯವೇಕೆ, ಅದು ಮಲೆನಾಡಿನ ಪಿಡುಗಲ್ಲವೆ ಎಂದು ಕೆಲವರು ಕೇಳಬಹುದು. ಈ ಮಾತು ಅರ್ಧ ಮಾತ್ರ ನಿಜ. ನಲ್ಲಿಯಲ್ಲಿ ದಿನವೂ ನೀರು ಬರುವ ಊರಿನಲ್ಲಿ ಯಾರೂ ನೀರನ್ನು ಕೂಡಿಡುವುದಿಲ್ಲ. ಎಂದೋ ಒಮ್ಮೆ ನೀರು ಬಿಡುವ, ಟ್ಯಾಂಕರ್ ಬರುವ ತನಕ ಕಾಯಬೇಕಾದ ಊರಿನಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು, ಹಂಡೆ, ಸಿಮೆಂಟ್ ತೊಟ್ಟಿ, ಸಂಪು ಎಲ್ಲವೂ ತುಂಬಿರುತ್ತವೆ. ಹೀಗೆ ಕೂಡಿಟ್ಟ ಶುದ್ಧವಾದ, ನಿಂತ ನೀರೇ ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಪರಮಪ್ರಿಯ. ಅದು ಚರಂಡಿಯ ಕೊಚ್ಚೆಯನ್ನು ಅರಸಿ ಹೋಗುವುದಿಲ್ಲ. ನಮ್ಮ ಬಚ್ಚಲಮನೆಯ ತೊಟ್ಟಿಯನ್ನೇ ಬಯಸುತ್ತದೆ. ಸೆಕೆಯ ದಿನಗಳಲ್ಲಿ ಮೊಟ್ಟೆಯು ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಇನ್ನೂ ವಿಚಿತ್ರವೆಂದರೆ, ತೊಟ್ಟಿಯ ಒಳಗೋಡೆಗೆ ಅಂಟಿದ ಅದರ ಮೊಟ್ಟೆಗಳು ನೀರು ಬತ್ತಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಹೀಗೆ ನೀರಿನ ಬರವೇ ಸೊಳ್ಳೆಗೆ ಸುಗ್ಗಿಯಾಗುತ್ತದೆ.

ಈ ಸತ್ಯದ ಒಂದು ಸುಳಿವು ನಮ್ಮ ಬೆಂಗಳೂರಿನಲ್ಲಿಯೂ ದೊರೆತಿತ್ತು ಎಂದರೆ ಆಶ್ಚರ್ಯವಾಗಬಹುದು. 1883ರಲ್ಲಿ ದಂಡಿನ ವೈದ್ಯನಾಗಿ ಬೆಂಗಳೂರಿಗೆ ಬಂದ ತರುಣ ರೊನಾಲ್ಡ್ ರಾಸ್ ತನ್ನ ಬಂಗಲೆಯ ಕೋಣೆಯಲ್ಲಿ ಮಿತಿಮೀರಿದ ಸೊಳ್ಳೆಗಳಿರುವುದನ್ನು ಕಂಡು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಮಿಲಮಿಲನೆ ಹರಿದಾಡುತ್ತಿದ್ದುವು. ತೊಟ್ಟಿಯನ್ನು ಬೋರಲು ಹಾಕಿಸಿದ. ಸೊಳ್ಳೆಗಳು ಬಹುಮಟ್ಟಿಗೆ ಮಾಯವಾದುವು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಾಣುವನ್ನು ಕಂಡುಹಿಡಿದವನೂ, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದವನೂ ಇದೇ ರಾಸ್.

ಜಾಲರಿಯ ಮಹಿಮೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗ ನಡೆದುದು 1900ರ ಬೇಸಗೆಯಲ್ಲಿ, ಇಟಲಿ ದೇಶದ ರೋಮ್ ನಗರದ ಸಮೀಪ. ಆಸ್ಟಿಯಾ ಎಂಬಲ್ಲಿನ ಜೌಗುನೆಲ ಆಗ ಮಲೇರಿಯಾದ ತವರೆನಿಸಿತ್ತು. ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಪ್ರಸಿದ್ಧ ವೈದ್ಯನ ಏರ್ಪಾಟಿನಂತೆ ಲೂಯಿ ಸ್ಯಾಂಬನ್, ಜಾರ್ಜ್ ಲೋ ಎಂಬಿಬ್ಬರು ವೈದ್ಯರು ಬಾಗಿಲು ಕಿಟಕಿಗಳಿಗೆಲ್ಲ ತಂತಿಜಾಲರಿ ಹಾಕಿದ ಮರದ ಗುಡಿಸಲೊಂದರಲ್ಲಿ ಅಲ್ಲಿ ವಾಸಮಾಡಿದರು. ಹಗಲು ಊರೆಲ್ಲ ತಿರುಗಾಡುವರು. ಸೂರ್ಯಾಸ್ತಕ್ಕೆ ಮುನ್ನ ಒಳಸೇರಿ ಜಾಲರಿ ಮುಚ್ಚಿಕೊಳ್ಳುವರು. ಕ್ವಿನೈನ್ ಮುಟ್ಟಲಿಲ್ಲ. ಸುತ್ತಲಿನ ಜನರು ಜ್ವರದಿಂದ ನರಳುತ್ತಿದ್ದರೂ ಇವರಿಗೆ ಮಲೇರಿಯಾ ತಗಲಲೇ ಇಲ್ಲ. ಅವರನ್ನು ಕಾಪಾಡಿದುದು ಜಾಲರಿಯೊಂದೇ.

ಆಸ್ಟಿಯಾದ ನಿಯಮವನ್ನು ನಾವು ಒಂದು ವಿಷಯದಲ್ಲಿ ತಿದ್ದಿಕೊಳ್ಳಬೇಕು. ಮಲೇರಿಯಾದ ಸೊಳ್ಳೆ ಕಚ್ಚುವುದು ರಾತ್ರಿ. ಡೆಂಗೆಯ ಸೊಳ್ಳೆ ಕಚ್ಚುವುದು ಹಗಲು, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ. ಆದುದರಿಂದ ದೀಪ ಹಚ್ಚುವ ಹೊತ್ತಿಗೆ ಜಾಲರಿ ಮುಚ್ಚಿದರಾಯಿತೆಂಬ ನಂಬಿಕೆ ಸಾಲದು. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಯವರಿಗೆ ನಗರಗಳಲ್ಲಿ 400, ಹಳ್ಳಿಗಳಲ್ಲಿ 200 ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು. ದಂಡದ ಹಣ ಸಣ್ಣದು. ಜ್ವರದಿಂದ ಬಳಲುವ ಮಗುವಿನ ತಲೆದಸೆಯಲ್ಲಿ ಕುಳಿತು ಕಳೆಯುವ ರಾತ್ರಿಗಳ ಬೆಲೆಯನ್ನು ಕಟ್ಟುವವರಾರು?

ಜಾಲರಿ ಕೆಡುವುದು ಹೇಗೆ?

ಗಾಳಿಯನ್ನು ಒಳಬಿಟ್ಟು ಬೇಡದ್ದನ್ನು ಹೊರಗಿಡಬೇಕೆಂಬ ಆಸೆ ನಮ್ಮಲ್ಲಿ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಇದು ತಿಳಿದೀತು. ಕಲ್ಲಿನ ಜಾಲಂಧ್ರ ಎಂಟು ಶತಮಾನ ಬಾಳಿತು. ಅಂಗಡಿಯಿಂದ ತಂದ ಬಲೆ ಎಂಟು ವರ್ಷವೂ ಬಾಳದು. ಏಕೆಂದರೆ ಒಂದೊಂದು ಬಗೆಯ ಬಲೆಗೂ ಒಂದೊಂದು ಶತ್ರುವಿದೆ.

ಅಗ್ಗದ ಪ್ಲಾಸ್ಟಿಕ್ ಬಲೆಗೆ ಬಿಸಿಲೇ ಮೃತ್ಯು. ಸೂರ್ಯನ ಅತಿನೇರಳೆ ಕಿರಣಗಳು ಅದರ ಎಳೆಗಳ ಕಸುವನ್ನು ಹೀರಿಬಿಡುತ್ತವೆ. ನೋಡಲು ಚೆನ್ನಾಗಿಯೇ ಕಾಣುತ್ತಿರುತ್ತದೆ. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಫೈಬರ್ ಗಾಜಿನ ಬಲೆ ಇದಕ್ಕಿಂತ ಬಾಳಿಕೆಯುಳ್ಳದ್ದು. ಆದರೆ ಎಳೆಯ ಮೇಲಿನ ಲೇಪ ಬಿಸಿಲಿಗೆ ಸುಣ್ಣದಂತೆ ಉದುರಿ, ಒಳಗಿನ ಗಾಜಿನ ನೂಲು ಬಯಲಾಗುತ್ತದೆ. ಸತುವಿನ ಲೇಪವಿರುವ ಕಬ್ಬಿಣದ ಜಾಲರಿಗೆ ಬಿಸಿಲಿನ ಭಯವಿಲ್ಲ, ನೀರಿನ ಭಯವುಂಟು. ಈ ಸೀಮೆಯ ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಹಾಗೆಯೇ ಬಿಟ್ಟರೆ ನೀರು ಆರಿ ಬಿಳಿಯ ಉಪ್ಪು ಉಳಿಯುತ್ತದೆ. ಅದು ತೇವ ಹಿಡಿದು ಸತುವನ್ನು ತಿಂದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅಲ್ಯೂಮಿನಿಯಂ ಜಾಲರಿ ತುಕ್ಕು ಹಿಡಿಯದು. ಆದರೆ ಬಲು ಮೃದು, ಒಮ್ಮೆ ತಗ್ಗಿದರೆ ತಗ್ಗಿದ್ದೇ. ಇವೆಲ್ಲಕ್ಕಿಂತ ಗಟ್ಟಿಯಾದುದು ಸ್ಟೈನ್‌ಲೆಸ್ ಉಕ್ಕಿನ ಜಾಲರಿ. ಬೆಲೆ ಹೆಚ್ಚು, ಆದರೆ ಬಿಸಿಲು ಬೀಳುವ ಪಶ್ಚಿಮದ ಬಾಗಿಲಿಗಾದರೂ ಅದನ್ನೇ ಹಾಕಿಸುವುದು ಜಾಣತನ.

ಇನ್ನು ಚೌಕಟ್ಟು. ಬಿಸಿಲಿಗೆ ಲೋಹ ಹಿಗ್ಗುತ್ತದೆಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಎರಡು ಮೀಟರು ಎತ್ತರದ ಅಲ್ಯೂಮಿನಿಯಂ ಚೌಕಟ್ಟು, ನಸುಕಿನ ತಂಪಿನಿಂದ ನಡುಹಗಲಿನ ಬಿಸಿಲಿಗೆ 40 ಡಿಗ್ರಿ ಸೆಲ್ಸಿಯಸ್ ಏರಿತೆಂದರೆ, ಸುಮಾರು 1.8 ಮಿಲಿಮೀಟರು ಉದ್ದವಾಗುತ್ತದೆ. ಉಕ್ಕಿನದಾದರೆ ಅದರ ಅರ್ಧದಷ್ಟು. ಒಳಗಿನ ಬಲೆ ಅಷ್ಟೇ ಹಿಗ್ಗದು. ಹೀಗೆ ದಿನವೂ ಎಳೆದು ಬಿಟ್ಟು, ಎಳೆದು ಬಿಟ್ಟು, ಬಲೆಯ ಅಂಚು ತನ್ನ ಹಿಡಿತದಿಂದ ಜಾರುತ್ತ ಬರುತ್ತದೆ. ಮರದ ಚೌಕಟ್ಟಿನ ಕಥೆ ಬೇರೆ. ಅದು ಒಣಹವೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬೇಸಗೆಯಲ್ಲಿ ಮೂಲೆಯ ಬೆಸುಗೆಗಳು ಬಾಯಿಬಿಡುವುದೂ, ಮಳೆ ಬಂದಾಗ ಅದೇ ಬಾಗಿಲು ದಾರಂದಕ್ಕೆ ಕಚ್ಚಿಕೊಳ್ಳುವುದೂ ಇದರಿಂದಲೇ.

ಬೆಂಕಿಕಡ್ಡಿಯ ಪರೀಕ್ಷೆ

ರಿಪೇರಿಗೆ ಕೈಹಾಕುವ ಮುನ್ನ ದೋಷವೆಲ್ಲಿದೆ ಎಂಬುದನ್ನು ತಿಳಿಯಬೇಕಷ್ಟೆ. ಮಟಮಟ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ, ಕೋಣೆಯನ್ನು ಕತ್ತಲು ಮಾಡಿ, ಜಾಲರಿ ಬಾಗಿಲನ್ನು ಹಾಕಿಕೊಂಡು ಒಳಗೆ ನಿಂತು ನೋಡಿರಿ. ಜಾಲರಿಯ ಕಣ್ಣುಗಳ ನಸುಬೆಳಕಿನ ನಡುವೆ, ಅಂಚಿನಲ್ಲಿ, ಕೀಲಿನ ಪಕ್ಕದಲ್ಲಿ, ಹೊಸ್ತಿಲ ಮೇಲೆ ಎಲ್ಲೆಲ್ಲಿ ಬೆಳಕಿನ ಗೆರೆ ತೀಕ್ಷ್ಣವಾಗಿ ಕಾಣುವುದೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿರಿ. ಅನಂತರ ಒಂದು ಬೆಂಕಿಕಡ್ಡಿ ತೆಗೆದುಕೊಳ್ಳಿ. ಅದರ ದಪ್ಪ ಸುಮಾರು ಎರಡು ಮಿಲಿಮೀಟರು. ಗುರುತಿಸಿದ ಸಂದಿನಲ್ಲಿ ಕಡ್ಡಿ ತೂರಿದರೆ ಸೊಳ್ಳೆಯೂ ತೂರೀತು. ಜಾಲರಿಯ ಕಣ್ಣೇ ಒಂದೂವರೆ ಮಿಲಿಮೀಟರಿಗಿಂತ ದೊಡ್ಡದಿರಬಾರದೆಂದಿರುವಾಗ, ಹೊಸ್ತಿಲ ಮೇಲೆ ಬೆರಳಗಲದ ಸಂದು ಬಿಟ್ಟು ಏನು ಪ್ರಯೋಜನ? ಕೋಟೆಯ ಬಲ ಅದರ ಅತ್ಯಂತ ದುರ್ಬಲವಾದ ಕಂಡಿಯಲ್ಲಿದೆಯೆಂಬುದನ್ನು ಕೋಟೆಗಳ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೂತಿಗೆ ತೇಪೆ

ಎಳೆ ಕಡಿಯದೆ ಬರಿದೆ ಸರಿದು ಕಣ್ಣು ದೊಡ್ಡದಾಗಿದ್ದರೆ, ದಬ್ಬಳದ ತುದಿಯಿಂದ ಎಳೆಗಳನ್ನು ಒಂದೊಂದಾಗಿ ಸ್ವಸ್ಥಾನಕ್ಕೆ ತಳ್ಳಿದರೆ ಸಾಕು. ಕಡಲೆಕಾಳಿನಷ್ಟು ತೂತಾಗಿದ್ದರೆ ಫೈಬರ್ ಬಲೆಯಲ್ಲಿ ಒಂದು ಹನಿ ಪಾರದರ್ಶಕ ಅಂಟು ಅದನ್ನು ಮುಚ್ಚುತ್ತದೆ. ಉದ್ದಕ್ಕೆ ಸೀಳಿದ್ದರೆ ನೈಲಾನ್ ದಾರದಿಂದ ಹೊಲಿಯಬಹುದು. ಹತ್ತಿಯ ನೂಲು ಬೇಡ. ಬಿಸಿಲಿಗೆ ಅದು ಬಹುಕಾಲ ನಿಲ್ಲದು.

ತಂತಿಜಾಲರಿಯಲ್ಲಿ ದೊಡ್ಡ ತೂತಾದಾಗ ತೇಪೆ ಹಾಕುವ ಬಗೆ ಸೊಗಸಾದುದು. ಅದಕ್ಕೆ ಅಂಟೂ ಬೇಡ, ಹೊಲಿಗೆಯೂ ಬೇಡ. ಮೊದಲು ಹರಿದ ಜಾಗವನ್ನು ಚಚ್ಚೌಕವಾಗಿ ಕತ್ತರಿಸಿರಿ. ಅದಕ್ಕಿಂತ ಪ್ರತಿ ಬದಿಗೂ ಒಂದೊಂದು ಅಂಗುಲ ಹೆಚ್ಚಿರುವಂತೆ ಅದೇ ಬಗೆಯ ಜಾಲರಿಯ ತುಂಡೊಂದನ್ನು ತೆಗೆದುಕೊಳ್ಳಿ. ಆ ತುಂಡಿನ ನಾಲ್ಕು ಅಂಚುಗಳಿಂದಲೂ ಅಡ್ಡತಂತಿಗಳನ್ನು ಮೂರು ನಾಲ್ಕರಂತೆ ಕಿತ್ತುಹಾಕಿದರೆ, ಬಾಚಣಿಗೆಯ ಹಲ್ಲಿನಂತೆ ತಂತಿಯ ತುದಿಗಳು ಸುತ್ತಲೂ ನಿಲ್ಲುತ್ತವೆ. ಮರದ ಪಟ್ಟಿಯೊಂದರ ಅಂಚಿಗೆ ಒತ್ತಿ ಅವನ್ನು ಒಂದೇ ಕಡೆಗೆ ನೆಟ್ಟಗೆ ಬಾಗಿಸಿರಿ. ಈಗ ತುಂಡನ್ನು ತೂತಿನ ಮೇಲಿಟ್ಟು, ತುದಿಗಳು ಬಾಗಿಲ ಜಾಲರಿಯ ಕಣ್ಣುಗಳಲ್ಲಿ ತೂರುವಂತೆ ಒತ್ತಿ, ಹಿಂಬದಿಯಿಂದ ಆ ತುದಿಗಳನ್ನು ಮಡಿಸಿಬಿಟ್ಟರೆ ಮುಗಿಯಿತು. ಕೈಗೆ ಕೈಗವಸು, ಕಣ್ಣಿನ ಬಗ್ಗೆ ಎಚ್ಚರ, ಇವೆರಡು ಇರಲಿ. ತುಂಡಾದ ತಂತಿ ಸೂಜಿಗಿಂತ ಹರಿತ.

ತೇಪೆಯ ಮೇಲೆ ತೇಪೆ ಹಾಕುತ್ತ ಹೋಗುವುದಕ್ಕೂ ಒಂದು ಮಿತಿಯುಂಟು. ಮೇಲೆ ಹೇಳಿದಂತೆ ಬೆರಳಿನಿಂದ ಒತ್ತಿದರೆ ಎಳೆಗಳು ಪಟಪಟನೆ ಮುರಿಯುವಂತಿದ್ದರೆ ಆ ಬಲೆಯ ಆಯುಸ್ಸು ತೀರಿತೆಂದೇ ತಿಳಿಯಬೇಕು.

ಹೊಸ ಬಲೆ ಬಿಗಿಯುವ ಬಗೆ

ಬಲೆಯನ್ನು ಆರಿಸುವಾಗ ಕಣ್ಣು ಸಣ್ಣದಾದಷ್ಟೂ ಒಳ್ಳೆಯದೆಂದು ತಿಳಿಯುವುದು ಸಹಜ. ಆದರೆ ಸೆಕೆಯ ನಾಡಿನಲ್ಲಿ ಗಾಳಿಯ ಲೆಕ್ಕವನ್ನೂ ನೋಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಟ್ಟಡಗಳಲ್ಲಿ ಬಳಸುವ ನೊಣತಡೆ ಜಾಲರಿಯ ಕಣ್ಣು 1.4 ಮಿಲಿಮೀಟರು, ತಂತಿಯ ದಪ್ಪ 0.63 ಮಿಲಿಮೀಟರು. ಲೆಕ್ಕ ಹಾಕಿದರೆ ಇದರಲ್ಲಿ ತೆರವಾಗಿರುವುದು ನೂರಕ್ಕೆ ಸುಮಾರು 48 ಪಾಲು ಮಾತ್ರ, ಉಳಿದುದೆಲ್ಲ ತಂತಿಯೇ. ಅಂಗುಲಕ್ಕೆ ಒಂದು ಕಡೆ 18, ಇನ್ನೊಂದು ಕಡೆ 16 ಎಳೆಗಳಿದ್ದು, ಎಳೆಯ ದಪ್ಪ 0.28 ಮಿಲಿಮೀಟರು ಇರುವ ಬಲೆಯಾದರೆ ಸುಮಾರು 66 ಪಾಲು ತೆರವು. ಎರಡೂ ಸೊಳ್ಳೆಯನ್ನು ತಡೆಯುತ್ತವೆ. ಎರಡನೆಯದರಲ್ಲಿ ಗಾಳಿ ಹೆಚ್ಚು. ಮೊದಲನೆಯದರಲ್ಲಿ ಗಟ್ಟಿತನ ಹೆಚ್ಚು. ಕೈ ತಾಗದ ಕಿಟಕಿಗೆ ತೆಳುವಾದುದನ್ನೂ, ದಿನಕ್ಕೆ ನೂರು ಸಲ ತೆರೆಯುವ ಬಾಗಿಲಿಗೆ ದಪ್ಪನೆಯದನ್ನೂ ಹಾಕುವುದು ಯುಕ್ತ.

ಬಾಗಿಲನ್ನು ಕೀಲುಗಳಿಂದ ಬಿಡಿಸಿ, ನೆರಳಿನಲ್ಲಿ ಸಮನಾದ ನೆಲದ ಮೇಲೆ ಮಲಗಿಸಿರಿ. ಈ ಕೆಲಸಕ್ಕೆ ಬೆಳಗಿನ ಹೊತ್ತೇ ಪ್ರಶಸ್ತ. ಕಾದ ಬಿಸಿಲಿನಲ್ಲಿ ಹಿಗ್ಗಿದ ಅಲ್ಯೂಮಿನಿಯಂ ಚೌಕಟ್ಟಿಗೆ ಬಲೆ ಬಿಗಿದರೆ, ಸಂಜೆ ಅದು ತಣಿದು ಕುಗ್ಗಿದಾಗ ಬಲೆ ಸಡಿಲವಾಗಿ ಜೋಲುತ್ತದೆ. ತಂಪಿನಲ್ಲಿ ತಂಬೂರಿಯ ತಂತಿಯಂತೆ ಅತಿಯಾಗಿ ಬಿಗಿದರೂ ಕಷ್ಟವೇ. ಮಧ್ಯಾಹ್ನ ಚೌಕಟ್ಟು ಹಿಗ್ಗಿ ಮೂಲೆಗಳನ್ನು ಜಗ್ಗುತ್ತದೆ. ಅಂಗೈಯಿಂದ ಮೆಲ್ಲನೆ ಒತ್ತಿದರೆ ಚೂರು ಬಾಗಿ ಮತ್ತೆ ಸಮವಾಗುವಷ್ಟು ಬಿಗಿ ಇದ್ದರೆ ಸರಿ.

ಮರದ ಚೌಕಟ್ಟಾದರೆ ಅಂಚಿನ ಪಟ್ಟಿಗಳನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಮುರಿಯದಂತೆ ತೆಗೆದಿಡಿ. ಅವನ್ನೇ ಮತ್ತೆ ಬಳಸಬಹುದು. ಹಳೆಯ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಚೌಕಟ್ಟನ್ನು ಉಪ್ಪುಕಾಗದದಿಂದ ಉಜ್ಜಿ, ಬಣ್ಣವನ್ನೋ ಅಗಸೆ ಎಣ್ಣೆಯನ್ನೋ ಹಚ್ಚಿ ಒಣಗಿಸಿರಿ. ಬಲೆಯನ್ನು ಎಲ್ಲ ಕಡೆಗೂ ಎರಡೆರಡು ಅಂಗುಲ ಹೆಚ್ಚಿಗೆ ಕತ್ತರಿಸಿಕೊಂಡು, ಮೊದಲು ಮೇಲಂಚನ್ನು ಬಿಗಿಯಬೇಕು, ಅನಂತರ ಕೆಳಕ್ಕೆ ಎಳೆದು ಕೆಳಂಚನ್ನು, ಕೊನೆಗೆ ಪಕ್ಕಗಳನ್ನು. ಪ್ರತಿ ಅಂಚಿನಲ್ಲೂ ನಡುವಿನಿಂದ ಮೂಲೆಗಳ ಕಡೆಗೆ ಹೋಗಬೇಕೇ ವಿನಾ ಮೂಲೆಯಿಂದ ನಡುವಿಗಲ್ಲ; ಇಲ್ಲದಿದ್ದರೆ ಸುಕ್ಕು ತಪ್ಪದು. ಪಟ್ಟಿಗಳನ್ನು ಮತ್ತೆ ಹೊಡೆದ ಮೇಲೆ ಹೆಚ್ಚಿನ ಬಲೆಯನ್ನು ಹರಿತವಾದ ಅಲಗಿನಿಂದ ಕತ್ತರಿಸಿರಿ. ಅಲ್ಯೂಮಿನಿಯಂ ಜಾಲರಿಗೆ ಹಿತ್ತಾಳೆಯ ತಿರುಪುಗಳನ್ನು ಬಳಸಬಾರದು; ತೇವ ತಗಲಿದಾಗ ಎರಡು ಲೋಹಗಳ ಜಗಳದಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ.

ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಬಲೆಯನ್ನು ಹಿಡಿದಿಡುವುದು ಸುತ್ತಲಿನ ಕಾಲುವೆಯಲ್ಲಿ ಕೂರುವ ರಬ್ಬರಿನ ದಾರ. ಬಿಸಿಲಿಗೆ ಇದು ಗಡುಸಾಗಿ ಬಿರಿಯುವುದರಿಂದ, ಬಲೆ ಬದಲಾಯಿಸುವಾಗ ಹಳೆಯ ದಾರವನ್ನೇ ಮತ್ತೆ ತುರುಕುವ ಲೋಭ ಬೇಡ. ಹಳೆಯದರ ಒಂದು ತುಂಡನ್ನು ಅಂಗಡಿಗೆ ಒಯ್ದು, ಅದೇ ದಪ್ಪದ ಹೊಸ ದಾರವನ್ನು ತನ್ನಿರಿ.

ಬಾಗಿಲು ಜೋತುಬಿದ್ದಾಗ

ಬಲೆ ಸರಿಯಾಗಿದ್ದೂ ಬಾಗಿಲು ಜೋತುಬಿದ್ದು ನೆಲಕ್ಕೆ ತಾಗುವುದುಂಟು. ಆಗ ಮನೆಯವರು ಬಡಗಿಯನ್ನು ಕರೆಸಿ, “ಆಚಾರ್ರೇ, ಬಾಗಿಲು ಕೆಳಗೆ ತಾಕ್ತಾ ಇದೆ, ಒಂದಿಷ್ಟು ಹೆರೆದುಕೊಡಿ” ಎನ್ನುತ್ತಾರೆ. ಅನುಭವಸ್ಥನಾದ ಬಡಗಿ ತೋಪಡಕ್ಕೆ ಕೈಹಾಕುವುದಿಲ್ಲ. “ಅಮ್ಮಾವ್ರೇ, ಹೆರೆದ ಮರ ಮತ್ತೆ ಬರೋದಿಲ್ಲ. ಮೊದಲು ಕೀಲು ನೋಡೋಣ, ತಾಳಿ” ಎನ್ನುತ್ತಾನೆ. ಈ ಒಂದು ಮಾತಿನಲ್ಲಿ ಒಂದು ಜೀವಮಾನದ ವಿವೇಕವಿದೆ.

ಬಹುತೇಕ ದೋಷ ಇರುವುದು ಮೇಲಿನ ಕೀಲಿನಲ್ಲಿ. ಬಾಗಿಲಿನ ಭಾರವೆಲ್ಲ ಅದನ್ನು ಜಗ್ಗುತ್ತಿರುವುದರಿಂದ ತಿರುಪಿನ ತೂತು ಹಿಗ್ಗಿ ತಿರುಪು ಸುಮ್ಮನೆ ಸುತ್ತುತ್ತಿರುತ್ತದೆ. ಬಾಗಿಲಿನ ಚಿಲಕದ ಬದಿಗೆ ಕೆಳಗೊಂದು ಬೆಣೆ ಕೊಟ್ಟು ಎತ್ತಿ ಹಿಡಿದು, ತಿರುಪನ್ನು ತೆಗೆದು, ಮರದ ಅಂಟಿನಲ್ಲಿ ಅದ್ದಿದ ಬಿದಿರಿನ ಕಡ್ಡಿಗಳನ್ನು ತೂತಿನಲ್ಲಿ ತುಂಬಿ, ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿ, ಮತ್ತೆ ತಿರುಪನ್ನು ಬಿಗಿದರೆ ಹಿಡಿತ ಹೊಸದರಂತೆಯೇ ಬರುತ್ತದೆ.

ಚೌಕಟ್ಟೇ ವಕ್ರವಾಗಿದ್ದರೆ ಓರೆಯಾಗಿ ಒಂದು ತಂತಿಯನ್ನು ಬಿಗಿಯಬೇಕು. ಇಲ್ಲಿ ದಿಕ್ಕು ಮುಖ್ಯ. ತಂತಿ ಎಳೆಯಬಲ್ಲುದು, ತಳ್ಳಲಾರದು. ಆದುದರಿಂದ ಅದು ಕೀಲಿನ ಕಡೆಯ ಮೇಲಿನ ಮೂಲೆಯಿಂದ ಚಿಲಕದ ಕಡೆಯ ಕೆಳಮೂಲೆಗೆ ಬರಬೇಕು. ನಡುವೆ ತಿರುಚಿ ಬಿಗಿಯುವ ಕೊಂಡಿಯೊಂದನ್ನು ಹಾಕಿ ತಿರುಗಿಸಿದಂತೆಲ್ಲ ಜೋತ ಮೂಲೆ ಮೇಲೇರುತ್ತದೆ. ಮರದ ಪಟ್ಟಿ ಹೊಡೆಯುವುದಾದರೆ ದಿಕ್ಕು ತಿರುಗುಮುರುಗು: ಮರ ಭಾರವನ್ನು ತಾಳುವುದು ಒತ್ತಡದಲ್ಲಿ, ಆದುದರಿಂದ ಅದು ಕೀಲಿನ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಹೋಗಬೇಕು.

ಬಾಗಿಲಿಗೂ ದಾರಂದಕ್ಕೂ ನಡುವೆ ಬೇಸಗೆಯಲ್ಲಿ ಕಾಣುವ ಸಂದನ್ನು ಪೂರ್ತಿ ತುಂಬಿಬಿಟ್ಟರೆ ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕದಲದು. ಸಂದು ಇರಲಿ, ಅದನ್ನು ಹೊರಗಿನಿಂದ ಮರೆಮಾಡುವಂತೆ ಬಾಗಿಲಿನ ಅಂಚಿಗೆ ತೆಳುವಾದ ಮೇಲ್ಪಟ್ಟಿಯೊಂದನ್ನು ಹೊಡೆಯಿರಿ. ಹೊಸ್ತಿಲ ಮೇಲಿನ ಸಂದಿಗೆ ರಬ್ಬರಿನ ಪಟ್ಟಿ ಸಾಕು. ಮಕ್ಕಳು ತಳ್ಳುವ ಎತ್ತರಕ್ಕೆ ಒಂದು ಅಡ್ಡಪಟ್ಟಿ, ಬೆಕ್ಕು ನಾಯಿಗಳ ಎತ್ತರಕ್ಕೆ ಒಂದು ತಗಡು, ಇವೆರಡನ್ನು ಹಾಕಿಸಿದರೆ ಬಲೆಯ ಆಯುಸ್ಸು ಎಷ್ಟೋ ಹೆಚ್ಚುತ್ತದೆ. ಬಾಗಿಲನ್ನು ಮತ್ತೆ ಕೂರಿಸುವಾಗ ಅದು ಹೊರಕ್ಕೆ ತೆರೆಯುವಂತಿರಲಿ. ನೊಣ ಸೊಳ್ಳೆಗಳು ಜಾಲರಿಯ ಹೊರಮೈಯಲ್ಲಿ ಕಾದು ಕುಳಿತಿರುತ್ತವೆ. ಒಳಕ್ಕೆ ತೆರೆದರೆ ಅವನ್ನು ನಾವೇ ಒಳಗೆ ಕರೆದಂತಾಗುತ್ತದೆ.

ವರ್ಷಕ್ಕೊಂದು ದಿನ

ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಲೇಸು. ಧೂಳು ತುಂಬಿದ ಜಾಲರಿ ಗಾಳಿಯನ್ನು ಬಿಡದು. ಹದಿನೈದು ದಿನಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಒಣಗಿರುವಾಗಲೇ ಧೂಳನ್ನು ಉದುರಿಸಿದರೆ ಸಾಕು. ತೊಳೆಯಲೇಬೇಕಾದರೆ ಸಾಬೂನಿನ ತಿಳಿನೀರು ಬಳಸಿ, ಒಣಬಟ್ಟೆಯಿಂದ ಕೂಡಲೇ ಒರಸಿರಿ. ಬಚ್ಚಲು ತೊಳೆಯುವ ಆಮ್ಲವನ್ನು ಹತ್ತಿರಕ್ಕೂ ತರಬೇಡಿರಿ. ಕೀಲುಗಳಿಗೆ ಆಗಾಗ ಒಂದೆರಡು ಹನಿ ಎಣ್ಣೆ.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೋಗುತ್ತದೆಂಬುದು ಹಿರಿಯರ ಮಾತು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ ಒಂದು ರಜಾದಿನವನ್ನು ಜಾಲರಿಗೆಂದು ಮೀಸಲಿಟ್ಟರೆ, ಯುಗಾದಿಯ ಹೊತ್ತಿಗೆ ಮನೆ ಬೇಸಗೆಗೆ ಸಿದ್ಧವಾಗಿರುತ್ತದೆ. ಆಷಾಢ ಹತ್ತಿರವಾದಾಗ ಚಿಲಕವನ್ನೂ, ತಾನಾಗಿ ಮುಚ್ಚುವ ಸ್ಪ್ರಿಂಗನ್ನೂ ಇನ್ನೊಮ್ಮೆ ನೋಡಿದರಾಯಿತು.

ಕೊನೆಯದಾಗಿ, ರಿಪೇರಿಯಲ್ಲಿ ಉಳಿದ ಬಲೆಯ ತುಂಡುಗಳನ್ನು ಎಸೆಯಬೇಡಿರಿ. ಸಂಪಿನ ಗಾಳಿಕೊಳವೆಯ ಬಾಯಿಗೆ, ಮೇಲಿನ ಟ್ಯಾಂಕಿನ ತುಂಬಿ ಹರಿಯುವ ನಳಿಗೆಗೆ, ಮುಚ್ಚಳವಿಲ್ಲದ ಡ್ರಮ್ಮಿಗೆ ಅವನ್ನು ಬಿಗಿಯಾಗಿ ಕಟ್ಟಿರಿ. ವಾರಕ್ಕೊಂದು ದಿನ ತೊಟ್ಟಿ ಹಂಡೆಗಳನ್ನು ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಬಾಗಿಲಿನ ಜಾಲರಿ ಹೊರಗಿನ ಸೊಳ್ಳೆಯನ್ನು ತಡೆದೀತು; ಮನೆಯೊಳಗೇ ಹುಟ್ಟುವ ಸೊಳ್ಳೆಯನ್ನು ತಡೆಯುವುದು ಡ್ರಮ್ಮಿನ ಮೇಲಿನ ಈ ಅಂಗೈಯಗಲದ ತುಂಡು. ನೀರನ್ನು ಕೂಡಿಡದೆ ಬದುಕುವ ಸೌಭಾಗ್ಯ ನಮ್ಮ ಬಯಲುಸೀಮೆಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಅದು ಬರುವ ತನಕ ಒಂದು ಬೆಳಗಿನ ಕೆಲಸ, ನಾಲ್ಕು ಮೊಳೆ, ಎರಡು ಗಜ ಬಲೆ, ಇಷ್ಟರಲ್ಲಿ ನಮ್ಮ ಮಕ್ಕಳು ಬೇಸಗೆಯ ರಾತ್ರಿಗಳಲ್ಲಿ ಗಾಳಿಗೆ ಮೈಯೊಡ್ಡಿ ನಿಶ್ಚಿಂತೆಯಿಂದ ನಿದ್ರಿಸುವಂತೆ ಮಾಡಬಹುದಾದರೆ ಆ ಕೆಲಸವನ್ನು ಮುಂದಿನ ವಾರಕ್ಕೆ ತಳ್ಳುವುದೇಕೆ?